ಮೂಳೆಯ ಜಾಡು, ಕಾವ್ಯದ ಜಾಡು: ಕಾನಿಬೇರ್ ಸೋದರರು

ಭೂವಿಜ್ಞಾನ ಬೆಳೆಸಿದವರಲ್ಲಿ ಪಾದ್ರಿಗಳೂ ಇದ್ದರೆಂದರೆ ನಿಮಗೆ ಅಚ್ಚರಿಯಾದೀತು. 19ನೇ ಶತಮಾನದ ಆರಂಭದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೋಧಕರಲ್ಲಿ ಹೆಚ್ಚಿನವರು ಪಾದ್ರಿಗಳೇ. ಅಲ್ಲಿ ಓದಿದ ಜಾನ್ ಜೋಸಿಯಾಸ್ ಕಾನಿಬೇರ್ (1779-1824) ಮತ್ತು ವಿಲಿಯಂ ಡೇನಿಯಲ್ ಕಾನಿಬೇರ್ (1787-1857) ಪಾದ್ರಿಯೊಬ್ಬರ ಮಕ್ಕಳು, ತಾವೂ ಪಾದ್ರಿಗಳಾದರು.

ಅಣ್ಣ ಜಾನ್ ಭೂವಿಜ್ಞಾನದ ಲೇಖನಗಳನ್ನು ಬರೆದರೂ ಅವರ ಮುಖ್ಯ ಒಲವು ಹಳೆಯ ಇಂಗ್ಲಿಷ್ ಭಾಷೆಯತ್ತ. ಆಕ್ಸ್‌ಫರ್ಡ್‌ನಲ್ಲಿ ಅವರು ಆಂಗ್ಲೋ-ಸ್ಯಾಕ್ಸನ್ ಭಾಷೆಯ, ಬಳಿಕ ಕಾವ್ಯದ ಪ್ರಾಧ್ಯಾಪಕರಾಗಿದ್ದರು. 'ಬಿಯೊವುಲ್ಫ್' ಎಂಬ ಪ್ರಾಚೀನ ಕಾವ್ಯದ ಹಸ್ತಪ್ರತಿ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡಿತ್ತು. 1815ರಲ್ಲಿ ಹೊರಬಂದ ಅದರ ಮೊದಲ ಮುದ್ರಣದಲ್ಲಿ ತಪ್ಪುಗಳು ಹೇರಳ. ಜಾನ್ ಅದನ್ನು ಮೂಲದೊಂದಿಗೆ ಹೋಲಿಸಿ ತಿದ್ದಿದರು.

ತಮ್ಮ ವಿಲಿಯಂ ಮಾಡಿದ್ದೂ ಇಂಥದೇ ಕೆಲಸ, ಆದರೆ ಮೂಳೆಗಳಲ್ಲಿ. 1821ರಲ್ಲಿ ಅವರು ಹೆನ್ರಿ ಡಿ ಲಾ ಬೆಷ್ ಜೊತೆಗೂಡಿ, ಬಿಡಿ ಮೂಳೆಗಳ ಆಧಾರದಿಂದಲೇ ಅಳಿದುಹೋದ ಕಡಲ ಸರೀಸೃಪವೊಂದನ್ನು ಗುರುತಿಸಿ 'ಪ್ಲೀಸಿಯೊಸಾರಸ್' ಎಂದು ಹೆಸರಿಟ್ಟರು. ಊಹೆ ಸರಿಯೇ? 1823ರ ಡಿಸೆಂಬರಿನಲ್ಲಿ ಲೈಮ್ ರೀಜಿಸ್ ಕಡಲತೀರದಲ್ಲಿ ಮೇರಿ ಆನಿಂಗ್ ಎಂಬಾಕೆಗೆ ಬಹುತೇಕ ಪೂರ್ಣವಾದ ಅಸ್ಥಿಪಂಜರ ದೊರೆಯಿತು. ಅದರ ಕತ್ತಿನಲ್ಲಿ 30ಕ್ಕೂ ಹೆಚ್ಚು ಕಶೇರುಗಳು! ಜಿರಾಫೆಯ ಕತ್ತಿನಲ್ಲೂ ಇರುವುದು 7 ಮಾತ್ರ ಎಂಬುದನ್ನು ನೆನಪಿಸಿಕೊಳ್ಳಿ. ಪ್ಯಾರಿಸ್ಸಿನ ಖ್ಯಾತ ವಿಜ್ಞಾನಿ ಕುವಿಯೆ ಮೊದಲು ನಂಬಲಿಲ್ಲ, ಬಳಿಕ ಒಪ್ಪಿದರು. 1824ರ ಫೆಬ್ರವರಿ 20ರಂದು ವಿಲಿಯಂ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದನ್ನು ವಿವರಿಸಿದರು.

ಆದರೆ ಮೇರಿಯ ಹೆಸರನ್ನು ಅವರು ಹೇಳಲಿಲ್ಲ. ಬಡಗಿಯ ಮಗಳಾದ ಆಕೆಗೆ ಆ ಸಂಘದ ಬಾಗಿಲೂ ತೆರೆದಿರಲಿಲ್ಲ. ಸಂಘವು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ.

ಅದೇ 1824ರ ಜೂನ್‌ನಲ್ಲಿ ಜಾನ್ ತೀರಿಕೊಂಡರು. ಆಂಗ್ಲೋ-ಸ್ಯಾಕ್ಸನ್ ಕಾವ್ಯ ಕುರಿತ ಅವರ ಗ್ರಂಥ ಅಪೂರ್ಣವಾಗಿತ್ತು. ಭೂವಿಜ್ಞಾನಿ ತಮ್ಮನೇ ಅದನ್ನು ಸಂಪಾದಿಸಿ, ಟಿಪ್ಪಣಿ ಸೇರಿಸಿ, 1826ರಲ್ಲಿ ಅಣ್ಣನ ಹೆಸರಿನಲ್ಲೇ ಪ್ರಕಟಿಸಿದರು. ವಿಲಿಯಂ 1845ರಲ್ಲಿ ಲ್ಯಾಂಡಾಫ್ ಕೆಥೆಡ್ರಲ್‌ನ ಡೀನ್ ಆದರು.

ಚೂರುಗಳಿಂದ ಪೂರ್ಣರೂಪವನ್ನು ಊಹಿಸುವುದು, ಊಹೆಯನ್ನು ಮೂಲದೊಂದಿಗೆ ತಾಳೆನೋಡುವುದು: ಕಾವ್ಯಕ್ಕೂ ಪಳೆಯುಳಿಕೆಗೂ ಸೋದರರು ಬಳಸಿದ ವಿಧಾನ ಒಂದೇ. ಅಣ್ಣನ ಶ್ರಮಕ್ಕೆ ತಮ್ಮ ಸಲ್ಲಿಸಿದ ಗೌರವ ಮೇರಿಗೂ ಸಿಗಬೇಕಿತ್ತು. ತರಗತಿಯಲ್ಲಿ ಪ್ಲೀಸಿಯೊಸಾರಸ್ ಚಿತ್ರ ತೋರಿಸುವಾಗ ಹೆಸರಿಟ್ಟವರ ಜೊತೆಗೆ, ಅಗೆದು ತೆಗೆದವಳನ್ನೂ ನೆನೆಯೋಣ.