ರಜೆಯ ಪ್ರವಾಸದಲ್ಲಿ ಮಕ್ಕಳಿಗೆ ಆಡಿಯೋ ಕಥೆ: ಯಾವ ಕ್ಷೇತ್ರಕ್ಕೆ ಯಾವ ಕಥೆ, ಕೇಳಿಸುವುದು ಹೇಗೆ?



ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾದರೆ ನಮ್ಮ ಸಮಾಜದ ಬಹಳಷ್ಟು ಕುಟುಂಬಗಳು ಕ್ಷೇತ್ರದರ್ಶನಕ್ಕೆ ಹೊರಡುತ್ತವೆ. ಶ್ರವಣಬೆಳಗೊಳ, ಹುಂಚ, ಮೂಡುಬಿದಿರೆ, ಕಾರ್ಕಳ, ವೇಣೂರು, ಧರ್ಮಸ್ಥಳ ಎಂದು ನಾಲ್ಕೈದು ದಿನಗಳ ಪ್ರವಾಸ. ದೊಡ್ಡವರಿಗೆ ದರ್ಶನವಾಗುತ್ತದೆ. ಮಕ್ಕಳಿಗೆ ಕಾರಿನಲ್ಲಿ ಮೊಬೈಲ್ ಆಟ, ಇಳಿದ ಮೇಲೆ ಒಂದು ಫೋಟೋ, ಮತ್ತೆ ಮೊಬೈಲ್.

ಮೂರು ವರ್ಷದ ಹಿಂದೆ ವಿಂಧ್ಯಗಿರಿ ಹತ್ತಿ ಬಾಹುಬಲಿ ಸ್ವಾಮಿಯ ಮುಂದೆ ನಿಂತಾಗ ಎಂಟು ವರ್ಷದ ನನ್ನ ಮೊಮ್ಮಗ, "ತಾತ, ಇವರ ಮೈಮೇಲೆ ಬಳ್ಳಿ ಯಾಕಿದೆ?" ಎಂದು ಕೇಳಿದ. ಊರಿನ ಪಾಠಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಆ ಕಥೆ ಹೇಳಿದವನು ನಾನು. ಅಂಗಡಿ ವ್ಯಾಪಾರದ ಗಡಿಬಿಡಿಯಲ್ಲಿ ನನ್ನ ಮನೆಯ ಹುಡುಗನಿಗೇ ಹೇಳಿರಲಿಲ್ಲ. ಆ ಜನಸಂದಣಿಯಲ್ಲಿ ನಿಂತು ಹೇಳಲೂ ಆಗಲಿಲ್ಲ. ಮುಂದಿನ ರಜೆಯಿಂದ ಕಥೆಗಳನ್ನು ಮೊದಲೇ ರೆಕಾರ್ಡ್ ಮಾಡಿಕೊಂಡು ಹೊರಡುವ ರೂಢಿ ಮಾಡಿಕೊಂಡೆವು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಆಡಿಯೋ ಏಕೆ?

ಘಾಟಿಯ ತಿರುವುಗಳಲ್ಲಿ ಪುಸ್ತಕ ಓದಿದರೆ, ಮೊಬೈಲ್ ಪರದೆ ನೋಡಿದರೆ ಅನೇಕ ಮಕ್ಕಳಿಗೆ ವಾಕರಿಕೆ ಬರುತ್ತದೆ. ಕಥೆ ಕೇಳುವಾಗ ಕಣ್ಣು ಕಿಟಕಿಯ ಹೊರಗೇ ಇರುತ್ತದೆ, ಆದ್ದರಿಂದ ಆ ತೊಂದರೆ ಕಡಿಮೆ. ಕಾರು ಓಡಿಸುವವರೂ ಸೇರಿ ಎಲ್ಲರೂ ಒಂದೇ ಕಥೆ ಕೇಳಬಹುದು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೂ ಕೇಳಿದರೆ ಅರ್ಥವಾಗುತ್ತದೆ.

ಯಾವ ಕ್ಷೇತ್ರಕ್ಕೆ ಯಾವ ಕಥೆ?

ಬಾಹುಬಲಿಯ ಕಥೆಯನ್ನು ಎಲ್ಲ ಕಡೆಯೂ ಮೊದಲಿನಿಂದ ಹಾಕಿದರೆ ಮಕ್ಕಳಿಗೆ ಬೇಸರವಾಗುತ್ತದೆ. ನಾವು ಕಥೆಯನ್ನು ಭಾಗ ಮಾಡಿ ಹಂಚಿಕೊಂಡೆವು.

ಶ್ರವಣಬೆಳಗೊಳ: ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ 58 ಅಡಿ ಎತ್ತರದ ಮೂರ್ತಿ ಇಲ್ಲಿದೆ. ಇಲ್ಲಿಗೆ ಗುಳ್ಳಕಾಯಜ್ಜಿಯ ಕಥೆ ಬಲು ಚೆನ್ನ. ಕೊಡಗಟ್ಟಲೆ ಹಾಲು ಸುರಿದರೂ ಪಾದದವರೆಗೆ ಇಳಿಯದ ಅಭಿಷೇಕ, ಒಂದು ಗುಳ್ಳದಷ್ಟು ಹಾಲು ತಂದ ಅಜ್ಜಿಯಿಂದ ಪೂರ್ಣವಾಯಿತು ಎಂಬ ಕಥೆ. ಬೆಟ್ಟದ ಮೇಲೆ ಅಜ್ಜಿಯ ಶಿಲ್ಪವನ್ನು ಮಕ್ಕಳೇ ಹುಡುಕಲಿ. ಎದುರಿನ ಚಂದ್ರಗಿರಿಗೆ ಭದ್ರಬಾಹು ಮುನಿಗಳು ಮತ್ತು ಚಂದ್ರಗುಪ್ತನ ಕಥೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಆ ಕಥೆಯನ್ನೇ ಸಣ್ಣ ಸಣ್ಣ ಚಿತ್ರಗಳಾಗಿ ಕೆತ್ತಿದ್ದಾರೆ.

ಹುಂಚ: ಪದ್ಮಾವತಿ ದೇವಿಯ ಕ್ಷೇತ್ರವಾದ್ದರಿಂದ ಪಾರ್ಶ್ವನಾಥರ ಕಥೆ. ಉರಿಯುವ ಕೊರಡಿನೊಳಗೆ ಹಾವುಗಳಿವೆ ಎಂದು ರಾಜಕುಮಾರ ಪಾರ್ಶ್ವ ಹೇಳಿದ ಪ್ರಸಂಗವನ್ನು ಮಕ್ಕಳು ಮರೆಯುವುದಿಲ್ಲ.

ಕಾರ್ಕಳ: 1432ರ 42 ಅಡಿ ಮೂರ್ತಿ. ಇಲ್ಲಿಗೆ ಭರತ-ಬಾಹುಬಲಿಯರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಸೈನಿಕರ ರಕ್ತ ಹರಿಯದಿರಲೆಂದು ಅಣ್ಣತಮ್ಮಂದಿರಿಬ್ಬರೇ ಸೆಣಸಿದರು ಎಂಬುದನ್ನು ಬಿಡದೆ ಹೇಳಿ.

ವೇಣೂರು: 1604ರ 35 ಅಡಿ ಮೂರ್ತಿ. ಗೆದ್ದ ಮೇಲೆ ಎಲ್ಲವನ್ನೂ ಬಿಟ್ಟ ಬಾಹುಬಲಿ, ಒಂದು ವರ್ಷದ ತಪಸ್ಸು, ಬಳ್ಳಿ ಮತ್ತು ಹುತ್ತದ ಭಾಗ ಇಲ್ಲಿಗೆ.

ಧರ್ಮಸ್ಥಳ: 1982ರಲ್ಲಿ ಪ್ರತಿಷ್ಠಾಪನೆಯಾದ 39 ಅಡಿ ಮೂರ್ತಿ. ತಂದೆ ಆದಿನಾಥರು ಮಗಳು ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ ಕಲಿಸಿದ ಕಥೆ ಉಳಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಇದು ಬಹಳ ಇಷ್ಟ.

ಮೂಡುಬಿದಿರೆ: ಧವಲಾದಿ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು. ಇಲ್ಲಿಗೆ ಧರಸೇನಾಚಾರ್ಯರ ಕಥೆ. ತಮ್ಮೊಂದಿಗೇ ಶ್ರುತಜ್ಞಾನ ಕಳೆದುಹೋದೀತೆಂಬ ಚಿಂತೆಯಲ್ಲಿ ಅವರು ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಪರೀಕ್ಷೆಗಾಗಿ ಒಬ್ಬರಿಗೆ ಒಂದು ಅಕ್ಷರ ಹೆಚ್ಚಿದ್ದ ಮಂತ್ರ, ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಿದ್ದ ಮಂತ್ರ ಕೊಟ್ಟರು. ಒಬ್ಬರಿಗೆ ಉಬ್ಬುಹಲ್ಲಿನ ದೇವತೆ, ಇನ್ನೊಬ್ಬರಿಗೆ ಒಕ್ಕಣ್ಣಿನ ದೇವತೆ ಕಾಣಿಸಿಕೊಂಡರು. ಇಬ್ಬರೂ ತಾವೇ ತಪ್ಪು ಕಂಡುಹಿಡಿದು ಮಂತ್ರ ತಿದ್ದಿಕೊಂಡರು. ಮುಂದೆ ಪುಷ್ಪದಂತ, ಭೂತಬಲಿ ಎಂದು ಹೆಸರಾಗಿ ಷಟ್ಖಂಡಾಗಮ ರಚಿಸಿದವರು ಇವರೇ. ಹಲ್ಲಿನ ದೇವತೆಯ ಮಾತು ಬಂದಾಗಲೆಲ್ಲ ನಮ್ಮ ಮನೆಯ ಮಕ್ಕಳು ನಗುತ್ತಾರೆ. ನಗಲಿ, ಕಥೆ ನೆನಪಿರುತ್ತದಲ್ಲ.

ವಯಸ್ಸು ನೋಡಿ ಆರಿಸಿ

ಆರು ವರ್ಷದೊಳಗಿನವರಿಗೆ ಐದಾರು ನಿಮಿಷ ಸಾಕು. ಆರರಿಂದ ಹತ್ತರವರಿಗೆ ಹತ್ತು-ಹನ್ನೆರಡು ನಿಮಿಷ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ, ಜನ್ನ ಕವಿ ಬರೆದ ಯಶೋಧರ ಚರಿತೆಯ ಕಥೆ ದೊಡ್ಡವಾದರೂ ಅವುಗಳಲ್ಲಿ ನೋವು, ಕ್ರೌರ್ಯದ ಪ್ರಸಂಗಗಳಿವೆ. ರಾತ್ರಿ ಪ್ರಯಾಣದಲ್ಲಿ ಚಿಕ್ಕ ಮಕ್ಕಳಿಗೆ ಅವು ಬೇಡ. ಹನ್ನೆರಡು ದಾಟಿದವರಿಗೆ ಹೇಳಿ, ಹೇಳಿದ ಮೇಲೆ ಕೂತು ಮಾತಾಡಿ.

ಮನೆಯಲ್ಲೇ ರೆಕಾರ್ಡ್ ಮಾಡುವುದು

ಸಿದ್ಧ ಆಡಿಯೋ ಸಿಕ್ಕರೆ ಒಳ್ಳೆಯದೇ, ಆದರೆ ನೀವು ಪೂರ್ತಿ ಕೇಳದೆ ಮಕ್ಕಳಿಗೆ ಹಾಕಬೇಡಿ. ಅದಕ್ಕಿಂತ ಮನೆಯ ಹಿರಿಯರ ದನಿ ಉತ್ತಮ. ಸ್ಟುಡಿಯೋ ಬೇಕಿಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಇಡಿ. ಪುಸ್ತಕ ನೋಡಿ ಓದುವುದಕ್ಕಿಂತ ಮನೆಮಾತಿನಲ್ಲಿ ಹೇಳಿದರೆ ಮಕ್ಕಳು ಕೇಳುತ್ತಾರೆ. ಅಜ್ಜಿ ಕೆಮ್ಮಿದರೆ, ನಡುವೆ ಕುಕ್ಕರ್ ಕೂಗಿದರೆ ಅಳಿಸಬೇಡಿ.

ಕಡತಕ್ಕೆ ಕ್ಷೇತ್ರದ ಹೆಸರು, ಕಥೆಯ ಹೆಸರು ಹಾಕಿ. ವಾಟ್ಸಾಪ್ ದನಿ ಸಂದೇಶವಾಗಿ ಮಾತ್ರ ಇಟ್ಟರೆ ಫೋನ್ ಬದಲಿಸಿದಾಗ ಹೋಗಿಬಿಡಬಹುದು. ಇನ್ನೊಂದು ಪ್ರತಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದು, ಆದ್ದರಿಂದ ಎಲ್ಲವನ್ನೂ ಮೊದಲೇ ಇಳಿಸಿಕೊಳ್ಳಿ.

ಕೇಳಿಸುವಾಗ ಗಮನಿಸಬೇಕಾದದ್ದು

1. ಕ್ಷೇತ್ರ ತಲುಪುವ ಅರ್ಧ ಗಂಟೆ ಮೊದಲು ಕಥೆ ಹಾಕಿ. ಕಥೆ ಮುಗಿಯುವುದಕ್ಕೂ ಊರು ಕಾಣುವುದಕ್ಕೂ ಹೊಂದಿಕೊಳ್ಳಬೇಕು.
2. ದಿನಕ್ಕೆ ಎರಡು ಕಥೆ ಸಾಕು. ಉಳಿದ ಹೊತ್ತು ಮಕ್ಕಳ ಮಾತು, ಹಾಡು ನಡೆಯಲಿ.
3. ಮಗು ಪ್ರಶ್ನೆ ಕೇಳಿದರೆ ಕಥೆ ನಿಲ್ಲಿಸಿ, ಉತ್ತರ ಕೊಟ್ಟು ಮುಂದುವರಿಸಿ.
4. ಬಸ್ಸು, ರೈಲಿನಲ್ಲಿ ಸ್ಪೀಕರ್ ಬೇಡ. ಇಯರ್‌ಫೋನ್ ಹಾಕಿದರೆ ದನಿ ಅರ್ಧಕ್ಕಿಂತ ಹೆಚ್ಚಿಸಬೇಡಿ.
5. ಬಸದಿಯ ಒಳಗೆ ಫೋನ್ ಮೌನವಾಗಿರಲಿ.
6. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬೇಸಿಗೆಯಲ್ಲಿ ಬಂಡೆ ಸುಡುತ್ತದೆ. ಕಥೆ ಹಿಂದಿನ ಸಂಜೆಯೇ ಆಗಲಿ, ಬೆಟ್ಟ ಬೆಳಿಗ್ಗೆಯೇ ಹತ್ತಿ.
7. ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಸಂಜೆ ಬಹಳ ಹೊತ್ತು ಉಳಿಯುತ್ತದೆ. ವಸತಿಗೃಹದಲ್ಲಿ ಟಿವಿಯ ಬದಲು ಆಗ ಒಂದು ಕಥೆ ಕೇಳಬಹುದು.

ನಾವು ಮಾಡಿದ ತಪ್ಪು

ಮೊದಲ ಪ್ರವಾಸದಲ್ಲಿ ಮಕ್ಕಳು ಗಲಾಟೆ ಮಾಡಿದಾಗಲೆಲ್ಲ, "ಸುಮ್ಮನೆ ಕೂತು ಕಥೆ ಕೇಳಿ" ಎಂದು ಗದರಿಸಿ ಆಡಿಯೋ ಹಾಕಿದೆ. ಎರಡನೇ ದಿನ ಕಥೆ ಎಂದರೆ ಶಿಕ್ಷೆ ಎನ್ನುವಂತಾಯಿತು. ಮೊಮ್ಮಗ ಕಿವಿ ಮುಚ್ಚಿಕೊಂಡ. ಸೊಸೆ ಮೆಲ್ಲಗೆ, "ಮಾವ, ಅದನ್ನು ನಿಲ್ಲಿಸಿ ನೀವೇ ಹೇಳಿ" ಎಂದಳು. ಹೇಳಿದೆ. ಆಮೇಲೆ ಅವನೇ ಕೇಳಿ ಹಾಕಿಸಿಕೊಂಡ. ಕಥೆ ಬಾಯಿ ಮುಚ್ಚಿಸುವ ಸಾಧನವಲ್ಲ, ಬಾಯಿ ತೆರೆಸಬೇಕಾದದ್ದು. ಆಡಿಯೋ ನಮಗೆ ಸಹಾಯಕ್ಕೆ ಮಾತ್ರ.

ಮರಳಿದ ಮೇಲೆ

ಮನೆಗೆ ಬಂದ ವಾರದೊಳಗೆ ಮಗುವಿನ ಬಾಯಲ್ಲಿ ಒಂದು ಕಥೆ ಹೇಳಿಸಿ, ಅದನ್ನೂ ರೆಕಾರ್ಡ್ ಮಾಡಿ. ಹೆಸರು ತಪ್ಪಿದರೆ ನಡುವೆ ತಿದ್ದಬೇಡಿ, ಕೊನೆಯಲ್ಲಿ ಹೇಳಿ. ನನ್ನ ಮೊಮ್ಮಗ ಬಾಹುಬಲಿಯ ಕಥೆ ಹೇಳಿ ಮುಗಿಸಿ, "ತಾತ, ಗೆದ್ದವರು ಬಿಟ್ಟು ಹೋದರು, ಹಾಗಾದರೆ ಸೋತವರಿಗೆ ಏನು ಸಿಕ್ಕಿತು?" ಎಂದು ಕೇಳಿದ. ಆ ಸಂಜೆ ನಾವು ಬಹಳ ಹೊತ್ತು ಮಾತಾಡಿದೆವು.

ಒಂದು ಮಾತು ಹೇಳಿ ಮುಗಿಸುತ್ತೇನೆ. ನನಗೆ ಈ ಕಥೆಗಳನ್ನೆಲ್ಲ ಹೇಳಿದವರು ನನ್ನ ತಾಯಿ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಖಾಲಿ ಕ್ಯಾಸೆಟ್ಟುಗಳೂ ಇದ್ದವು. ಅವುಗಳಲ್ಲಿ ಸಿನಿಮಾ ಹಾಡು ತುಂಬಿಸಿದೆವು. ಅವರ ದನಿ ಇಂದು ಎಲ್ಲಿಯೂ ಇಲ್ಲ. ನಿಮ್ಮ ಮನೆಯಲ್ಲಿ ಕಥೆ ಬಲ್ಲ ಹಿರಿಯರಿದ್ದರೆ ಪ್ರವಾಸದ ಬಟ್ಟೆ ಜೋಡಿಸುವ ಮೊದಲು ಅವರ ಮುಂದೆ ಫೋನ್ ಇಡಿ.

ಶ್ರುತ ಎಂದರೆ ಕೇಳಿದ್ದು. ಕೇಳಿದ್ದು ಮರೆತುಹೋಗಬಾರದೆಂದು ಬರೆದಿಟ್ಟ ದಿನವನ್ನು ನಾವು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತ ಪಂಚಮಿಯಾಗಿ ಆಚರಿಸುತ್ತೇವೆ. ಅದು ಬರುವುದು ಬೇಸಿಗೆ ರಜೆ ಮುಗಿಯುವ ಆಸುಪಾಸಿನಲ್ಲೇ. ಆ ದಿನ ನಿಮ್ಮೂರ ಬಸದಿಯಲ್ಲಿ ಪೂಜೆಯಾದ ಮೇಲೆ, ರಜೆಯಲ್ಲಿ ಕೇಳಿದ ಒಂದು ಕಥೆಯನ್ನು ಮಕ್ಕಳಿಂದ ಹೇಳಿಸಿ. ಐದು ನಿಮಿಷ ಸಾಕು.