ಹಳೆಯ ಗಣಿಗಳ ಹಳೆಯ ಕಾಗದಗಳು

ಹಳೆಯ ಪುಸ್ತಕಗಳನ್ನು ಕೂಡಿಸತಕ್ಕವರಲ್ಲಿ ಬಗೆಬಗೆಯವರುಂಟು. ಕಾವ್ಯದ ಮೊದಲ ಮುದ್ರಣಗಳನ್ನು ಅರಸುವವರನ್ನು ಲೋಕವು ರಸಿಕರೆಂದು ಗೌರವಿಸುವುದು. ಕಲ್ಲಿದ್ದಲ ಗಣಿಗಳ ವರದಿ, ನಕ್ಷೆ, ಕೂಲಿಯ ಪಟ್ಟಿಗಳನ್ನು ರದ್ದಿಯ ರಾಶಿಯಿಂದ ಆರಿಸಿ ತೆಗೆಯುವವನನ್ನು ಕಂಡರೆ ಮಾತ್ರ ನಗುವವರೇ ಹೆಚ್ಚು. ಆ ನಗೆಯು ಸಲ್ಲದೆಂಬುದನ್ನು ಗಣಿಗಳ ಚರಿತ್ರೆಯೇ ತೋರಿಸುವುದು.

ಇಂತಹ ಸಂಗ್ರಹಕ್ಕೆ ಇಂಗ್ಲೆಂಡು ತೌರುಮನೆ. ಅಲ್ಲಿನ ಪಾರ್ಲಿಮೆಂಟಿನ ವರದಿಗಳಿಗೆ, ಅವುಗಳ ಹೊದಿಕೆಯ ಬಣ್ಣದಿಂದ, ‘ನೀಲಿ ಪುಸ್ತಕ’ಗಳೆಂದು ಹೆಸರು. ಅವುಗಳಲ್ಲಿ ಅಗ್ರಗಣ್ಯವಾದುದು 1842ರಲ್ಲಿ ಹೊರಟ ಮಕ್ಕಳ ಉದ್ಯೋಗ ವಿಚಾರಣೆಯ ವರದಿ. ಸೊಂಟಕ್ಕೆ ಸರಪಣಿ ಬಿಗಿದುಕೊಂಡು, ಇಕ್ಕಟ್ಟಾದ ಸುರಂಗದಲ್ಲಿ ಅಂಬೆಗಾಲಿಟ್ಟು ಇದ್ದಲಿನ ಬಂಡಿಯನ್ನೆಳೆಯುವ ಮಕ್ಕಳ ಚಿತ್ರಗಳು ಅದರಲ್ಲಿವೆ. ಅವರ ಹೇಳಿಕೆಗಳೂ ಇವೆ. ನಾಡಿನ ಮನಸ್ಸು ಕಲಕಿತು. ಸ್ತ್ರೀಯರನ್ನೂ ಹತ್ತು ವರ್ಷಕ್ಕೆ ಕಡಮೆಯಾದ ಹುಡುಗರನ್ನೂ ಗಣಿಯೊಳಗೆ ದುಡಿಸಕೂಡದೆಂದು ಅದೇ ವರ್ಷ ಕಾಯಿದೆಯಾಯಿತು. ರಾಜರ ಕಥೆಗಳಲ್ಲಿ ಹೆಸರಿಲ್ಲದ ಜನರು ತಮ್ಮ ಮಾತಿನಿಂದಲೆ ಉಳಿದಿರುವುದು ಇಂತಹ ಪುಟಗಳಲ್ಲಿ.

ಪುಸ್ತಕಗಳಿಗಿಂತಲೂ ನಕ್ಷೆಗಳ ಬೆಲೆ ಹೆಚ್ಚು. ಬಿಟ್ಟುಹೋದ ಗಣಿಯಲ್ಲಿ ಕಾಲಕ್ರಮದಲ್ಲಿ ನೀರು ತುಂಬುವುದು. ಪಕ್ಕದಲ್ಲಿ ಹೊಸದಾಗಿ ಅಗೆಯುವವರಿಗೆ ಹಳೆಯ ಸುರಂಗದ ಎಲ್ಲೆ ತಿಳಿಯದಿದ್ದರೆ, ಒಂದು ಗುದ್ದಲಿಯ ಏಟು ಕೆರೆಯ ತೂಬನ್ನು ತೆರೆದಂತಾಗುವುದು. 1815ರಲ್ಲಿ ನ್ಯೂಕ್ಯಾಸಲಿನ ಬಳಿಯ ಹೀಟನ್ ಗಣಿಗೆ ಹೀಗೆ ನೀರು ನುಗ್ಗಿ 75 ಮಂದಿ ಮಡಿದರು. ನಕ್ಷೆಗಳನ್ನೆಲ್ಲ ಒಂದೆಡೆ ಕಾಪಾಡಬೇಕೆಂಬ ಸೂಚನೆಯು ಆಗಲೆ ಹುಟ್ಟಿತು. ಮುಚ್ಚಿದ ಗಣಿಯ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸತಕ್ಕದ್ದೆಂಬ ವಿಧಿಯು 1872ರ ಕಾಯಿದೆಯಲ್ಲಿ ಬಂದಿತು. ನಡುವಣ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಾಗದಗಳು ಯಾರ ಪೆಟ್ಟಿಗೆಯಲ್ಲಿದ್ದುವೋ ಅಲ್ಲಿಯೆ ಉಳಿದುವು.

ಇದು ಮುಗಿದ ಕಥೆಯೆಂದು ತಿಳಿಯಬಾರದು. ಧನಬಾದಿನ ಸಮೀಪದ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2002ರ ಜುಲೈ ತಿಂಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಕ್ವೀಕ್ರೀಕ್ ಗಣಿಯವರು, ಕೈಯಲ್ಲಿದ್ದ ನಕ್ಷೆಯನ್ನು ನಂಬಿ, ಹಳೆಯ ಗಣಿಯು ಇನ್ನೂ ದೂರವಿದೆಯೆಂದು ಭಾವಿಸಿ ಅಗೆದರು. ನೀರು ನುಗ್ಗಿತು. ಒಂಬತ್ತು ಜನ ಮೂರು ದಿನಗಳಿಗೂ ಮಿಕ್ಕಿ ನೆಲದಡಿ ಸಿಕ್ಕಿಬಿದ್ದಿದ್ದು, ದೈವವಶದಿಂದ ಎಲ್ಲರೂ ಬದುಕಿ ಬಂದರು. ವಿಚಾರಣೆಯ ಕಾಲದಲ್ಲಿ ಹಳೆಯ ಗಣಿಯ ಕಡೆಯ ನಕ್ಷೆಯು ಹತ್ತಿರದ ವಿಂಡ್ಬರ್ ಊರಿನ ವಸ್ತುಸಂಗ್ರಹಾಲಯದಲ್ಲಿ ದೊರೆಯಿತು. ತೀರಿಕೊಂಡ ಗಣಿ ತನಿಖಾಧಿಕಾರಿಯೊಬ್ಬರ ಕಾಗದಗಳ ಜೊತೆಯಲ್ಲಿ ಅದು ಅಲ್ಲಿಗೆ ಸೇರಿದ್ದಿತು. ಆ ಹಾಳೆಯು ಸಕಾಲದಲ್ಲಿ ಸರಿಯಾದ ಕೈಗೆ ಸೇರಿದ್ದರೆ!

ಆದಕಾರಣ ಸಂಗ್ರಾಹಕನ ಕರ್ತವ್ಯವು ಕೊಳ್ಳುವುದರಲ್ಲಿಯೆ ಮುಗಿಯದು. ಒಂದು ಕಟ್ಟಿನ ಕಾಗದಗಳನ್ನು ಬಿಡಿಬಿಡಿಯಾಗಿ ಮಾರಬಾರದು. ಎಲ್ಲಿ, ಯಾರಿಂದ ದೊರೆಯಿತೆಂಬುದನ್ನು ಬರೆದಿಡಬೇಕು. ನಕ್ಷೆಯಲ್ಲಿ ತಾರೀಖು, ಅಳತೆ, ದಿಕ್ಕುಗಳಿವೆಯೆ ಎಂದು ನೋಡಬೇಕು. ಪ್ರತಿಯೊಂದನ್ನು ಅಧಿಕಾರಿಗಳಿಗೂ ಪುಸ್ತಕಭಂಡಾರಕ್ಕೂ ಮುಟ್ಟಿಸಬೇಕು. ಬೀರುವಿನಲ್ಲಿ ಬೀಗ ಹಾಕಿದ ನಕ್ಷೆಗೂ ಗೆದ್ದಲು ತಿಂದ ನಕ್ಷೆಗೂ ಗಣಿಯೊಳಗಿನವನ ಪಾಲಿಗೆ ಭೇದವಿಲ್ಲ.

ಬ್ರಿಟನ್ನಿನ ಕಡೆಯ ಆಳವಾದ ಕಲ್ಲಿದ್ದಲ ಗಣಿ ಕೆಲ್ಲಿಂಗ್ಲಿಯಲ್ಲಿ 2015ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿಗಳ ಕೆಲಸವು 2001ರಲ್ಲಿ ನಿಂತಿತು. ಗಣಿ ಮುಚ್ಚಿದ ಮೇಲೆ ಅದರ ಕಾಗದಗಳಿಗೆ ದಿಕ್ಕಿಲ್ಲದಂತಾಗುವುದು. ಮನೆಯ ಅಟ್ಟದಲ್ಲಿ ತಾತನ ಕಾಲದ ಕೂಲಿಯ ಚೀಟಿಯೋ ಸುರಂಗದ ನಕ್ಷೆಯೋ ಉಳ್ಳವರು, ರದ್ದಿಯವನನ್ನು ಕರೆಯುವ ಮೊದಲು ಅದನ್ನು ಒಮ್ಮೆ ಬಿಡಿಸಿ ನೋಡುವುದು ಲೇಸು.