ಹೃದಯಾಘಾತ ಮತ್ತು ಕ್ಯಾಲ್ಸಿಯಂ

ಕ್ಯಾಲ್ಸಿಯಂ ಇಲ್ಲದೆ ಹೃದಯ ಮಿಡಿಯದೆಂಬುದು 1883ರಲ್ಲಿ ತಿಳಿಯಿತು, ಅದೂ ಆಕಸ್ಮಿಕವಾಗಿ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯಕ್ಕೆ ಹರಿಸಿದ್ದ ದ್ರಾವಣ ಬಟ್ಟಿ ಇಳಿಸಿದ ನೀರಿನದಲ್ಲ, ನಲ್ಲಿ ನೀರಿನದು. ಅದರಲ್ಲಿದ್ದ ಕ್ಯಾಲ್ಸಿಯಮ್ಮೇ ಮಿಡಿತವನ್ನು ಉಳಿಸಿತ್ತು. ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಸ್ನಾಯು ಬಿಗಿಯುತ್ತದೆ, ಅದು ತನ್ನ ಉಗ್ರಾಣಕ್ಕೆ ಮರಳಿದಾಗ ಸಡಿಲುತ್ತದೆ. ಹೃದಯಾಘಾತದಲ್ಲಿ ರಕ್ತ ನಿಂತರೆ ಹಾಗೆ ಮರಳಿಸಲು ಬೇಕಾದ ಶಕ್ತಿ ಬತ್ತುತ್ತದೆ. ಆಮ್ಲವೂ ಸೋಡಿಯಮ್ಮೂ ಕೋಶದಲ್ಲಿ ಸೇರಿಕೊಳ್ಳುತ್ತವೆ. ರಕ್ತ ಮತ್ತೆ ಹರಿದಾಗ ಸೋಡಿಯಂ ಹೊರಬೀಳುತ್ತ ಅದರ ಬದಲಿಗೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಜೀವ ಉಳಿಸುವ ರಕ್ತವೇ ಒಂದಿಷ್ಟು ಕೋಶಗಳನ್ನು ಕೊಲ್ಲುವುದು ವಿಚಿತ್ರ, ಆದರೆ ನಿಜ. 1960ರಲ್ಲಿ ರಾಬರ್ಟ್ ಜೆನ್ನಿಂಗ್ಸ್ ತಂಡ ನಾಯಿಗಳಲ್ಲಿ ಇದರ ಕುರುಹು ಕಂಡಿತು. ಉಳಿದುಕೊಂಡ ಸ್ನಾಯುವೂ ಕೆಲವು ದಿನ ಮಂಕಾಗಿರುತ್ತದೆ.

ಆದರೂ ರಕ್ತ ಮತ್ತೆ ಹರಿಯುವಂತೆ ಮಾಡಲು ತಡಮಾಡುವುದೇ ಹೆಚ್ಚು ಅಪಾಯ, ಹಾಗಾಗಿ ಆಸ್ಪತ್ರೆ ಹತ್ತಿರವಿರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದವರಿಗೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ದೂರವಿತ್ತು, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಅದರ ಶಾಖೆ ಬಂದದ್ದು ಆ ದೂರವನ್ನು ತಗ್ಗಿಸಿತು. 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇನ್ನೊಂದು ಹೆಜ್ಜೆ: ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ.